ಮೂಕ ಕಾಯಕದ ಋಣ

ಸಾಲ ಕೊಟ್ಟವನು ಬಾಗಿಲಿಗೆ ಬಂದು ಕೇಳುವನು. ಕೂಲಿ ಮಾಡಿದವನು ಸಂಜೆಯಾಗುತ್ತಲೆ ಕೈಯೊಡ್ಡಿ ನಿಲ್ಲುವನು. ವಿದ್ಯೆ ಕಲಿಸಿದ ಗುರುವು ತಾನಾಗಿ ಏನನ್ನೂ ಕೇಳದಿದ್ದರೂ ಲೋಕವು ಅವನ ಪರವಾಗಿ ನಮ್ಮನ್ನು ಎಚ್ಚರಿಸುವುದು. ಆದರೆ ಕೇಳಲು ಮಾತಿಲ್ಲದವರಿಗೆ, ತನಗೆ ಬರಬೇಕಾದುದು ಇಂಥದೆಂಬ ಲೆಕ್ಕವನ್ನೇ ಅರಿಯದವರಿಗೆ, ನಾವು ತೆರಬೇಕಾದ ಋಣವೊಂದು ಇದ್ದರೆ ಅದನ್ನು ಕೇಳಿ ಕೊಡಿಸುವವರು ಯಾರು? ಕೇಳುವವರಿಲ್ಲದ ಋಣವು ಋಣವೇ ಅಲ್ಲವೆಂದು ಹೇಳಿ ಕೈತೊಳೆದುಕೊಳ್ಳಬಹುದೇ? ಈ ಪ್ರಶ್ನೆಯನ್ನು ನಾನು ಗ್ರಂಥಗಳಿಂದ ಎತ್ತಿಕೊಂಡು ಬರೆಯುತ್ತಿಲ್ಲ. ಒಂದು ಕುದುರೆಯಿಂದ ಕಲಿತು ಬರೆಯುತ್ತಿದ್ದೇನೆ. ಆದುದರಿಂದ ಸುಜ್ಞರಾದ ವಾಚಕರು ಈ ಲೇಖನದಲ್ಲಿ ಶಾಸ್ತ್ರಚರ್ಚೆಗಿಂತ ಲಾಯದ ಮಾತು ಹೆಚ್ಚಾಗಿದ್ದರೆ ಮನ್ನಿಸಬೇಕು.

ಕುದುರೆಯ ಮಾತು ಈ ಕಾಲದಲ್ಲಿ ಏತಕ್ಕೆಂದು ಕೆಲವರು ಕೇಳಬಹುದು. ನಮ್ಮ ಸೀಮೆಯಲ್ಲಿ ಎತ್ತು ಮನೆಯ ಮಗನಂತೆ. ಕಾರಹುಣ್ಣಿಮೆಯ ದಿನ ಅದಕ್ಕೆ ಮೈತೊಳೆದು, ಕೋಡಿಗೆ ಬಣ್ಣ ಬಳಿದು, ಮೆರೆಯಿಸುವ ಪದ್ಧತಿಯುಂಟು. ಕುದುರೆಗೆ ಅಂತಹ ಒಂದು ಹಬ್ಬವೂ ಇಲ್ಲಿ ಉಳಿದಿಲ್ಲ. ಆದರೂ ಕುದುರೆ ಈ ನೆಲಕ್ಕೆ ಅಪರಿಚಿತವಲ್ಲ. ಇಂಡಿ, ಸಿಂದಗಿ ಸೀಮೆಯನ್ನು ಸವರಿಕೊಂಡು ಹರಿಯುವ ಭೀಮಾ ನದಿಯ ಹೆಸರನ್ನೇ ಹೊತ್ತಿರುವ ಭೀಮಥಡಿಯೆಂಬ ದಖ್ಖನಿನ ಚಿಕ್ಕ ಕುದುರೆಯನ್ನು ಇತ್ತೀಚಿನ ವರ್ಷಗಳಲ್ಲಿ ಪ್ರತ್ಯೇಕ ತಳಿಯೆಂದು ಗುರುತಿಸಿ ನೋಂದಾಯಿಸಿದ್ದಾರೆ. ಕುರಿಹಿಂಡಿನೊಡನೆ ಊರಿಂದೂರಿಗೆ ಸಾಗುವ ಕುರುಬರ ಗುಡಾರವನ್ನೂ, ಪಾತ್ರೆಪಡಗವನ್ನೂ, ಆಗತಾನೆ ಈದ ಮರಿಗಳನ್ನೂ ಬೆನ್ನಮೇಲೆ ಹೊತ್ತು ನಡೆಯುವ ತಟ್ಟುಗಳನ್ನು ನಮ್ಮ ದಾರಿಗಳಲ್ಲಿ ಇಂದಿಗೂ ಕಾಣಬಹುದು. ವಿಜಾಪುರದಲ್ಲಿ, ಅಂದರೆ 2014ರಿಂದ ವಿಜಯಪುರವೆಂದು ಕರೆಯಲ್ಪಡುವ ನಮ್ಮ ಜಿಲ್ಲಾಸ್ಥಳದಲ್ಲಿ, ರೈಲುನಿಲ್ದಾಣದಿಂದ ಗೋಳಗುಮ್ಮಟಕ್ಕೂ ಪೇಟೆಗೂ ಜನರನ್ನು ಸಾಗಿಸಿದುದು ಬಹುಕಾಲದವರೆಗೆ ಟಾಂಗಾವೇ. ಆಟೋರಿಕ್ಷಾ ಬಂದಮೇಲೆ ಟಾಂಗಾಗಳು ಬಹಳ ವಿರಳವಾದವು. ವಿರಳವಾದುದರಿಂದಲೇ ಪ್ರಶ್ನೆ ತೀಕ್ಷ್ಣವಾಗಿದೆ. ಬೇಕಾಗಿದ್ದಾಗ ಕುದುರೆಯನ್ನು ಎಲ್ಲರೂ ಸಾಕಿದರು. ಬೇಡವಾದಾಗ ಅದು ಯಾರದು?

ಇನ್ನು ನನ್ನ ಮಾತಿಗೆ ಬರುವೆನು. ನಾಲ್ವತ್ತು ವರ್ಷಗಳಿಗೂ ಹಿಂದಿನದು. ನಮ್ಮ ಅಜ್ಜನವರು ಭಕ್ತರ ಮನೆಗಳಿಗೆ ಹೋಗಿಬರಲು ಒಂದು ತಟ್ಟನ್ನು ಸಾಕಿದ್ದರು. ಕೆಂಪು ಮೈಯ ಅದನ್ನು ಮನೆಯವರೆಲ್ಲ ಕೆಂಚನೆಂದು ಕರೆಯುತ್ತಿದ್ದೆವು. ನನಗಾಗ ಹನ್ನೊಂದು ವರ್ಷ. ಯುಗಾದಿಯ ಮರುದಿನ ಅಜ್ಜನವರು ಯಾವುದೋ ಮನೆಯ ಶಿವಪೂಜೆಗೆಂದು ಹೋಗಿದ್ದರು. ಮನೆಯಲ್ಲಿ ಹೋಳಿಗೆ ಉಳಿದಿದ್ದಿತು. ಹಗೇವಿಗೆ ಹಾಕಬೇಕಾಗಿದ್ದ ಹೊಸ ಜೋಳದ ಚೀಲಗಳು ಪಡಸಾಲೆಯಲ್ಲಿದ್ದವು. ಎಲ್ಲರೂ ಹಬ್ಬದೂಟ ಉಂಡಿರುವಾಗ ಕೆಂಚನು ಒಣ ಕಣಿಕೆಯನ್ನೇ ಮೆಲ್ಲುತ್ತ ನಿಂತುದನ್ನು ನೋಡಿ ನನಗೆ ಕನಿಕರವಾಯಿತು. ಹೋಳಿಗೆಗಳನ್ನೂ, ಒಂದು ಮೊರದ ತುಂಬ ಜೋಳವನ್ನೂ, ಅದು ತಿಂದು ಮುಗಿಸಿತೆಂದು ಮತ್ತೊಂದು ಮೊರವನ್ನೂ ತಂದು ಅದರ ಮುಂದೆ ಸುರಿದೆನು. ಅದು ಆತುರದಿಂದ ತಿಂದಿತು. ನಾನು ಅದರ ಕೊರಳು ನೇವರಿಸಿ ಧನ್ಯನಾದೆನೆಂದುಕೊಂಡೆನು.

ಹೊತ್ತು ಮುಳುಗುವಷ್ಟರಲ್ಲಿ ಕೆಂಚನು ಮುಂಗಾಲಿನಿಂದ ನೆಲವನ್ನು ಕೆರೆಯತೊಡಗಿದನು, ತಿರುತಿರುಗಿ ತನ್ನ ಪಕ್ಕೆಯನ್ನೇ ನೋಡಿಕೊಂಡನು, ಮಲಗಿ ಹೊರಳಿದನು, ಎದ್ದು ಮತ್ತೆ ಬಿದ್ದನು. ಮೈಯೆಲ್ಲ ಬೆವರಿ ನೀರಾಯಿತು. ಅಜ್ಜನವರು ಬಂದವರೇ ಅಂಗಿಯನ್ನೂ ಕಳಚದೆ ಅದರ ಹಗ್ಗ ಹಿಡಿದು ಅಂಗಳದಲ್ಲಿ ನಡೆಸಾಡಿದರು. ತಾಲ್ಲೂಕಿನ ಊರಿನಿಂದ ದನದ ಡಾಕ್ಟರರನ್ನು ಕರೆತರಲು ರಾತ್ರಿಯ ಹೊತ್ತು ವಾಹನ ದೊರೆಯಲಿಲ್ಲ. ನೆರೆಯವರು ತಿಳಿದ ಮದ್ದುಗಳನ್ನೆಲ್ಲ ಹೇಳಿದರು, ಮಾಡಿದರು. ಬೆಳ್ಳಿ ಮೂಡುವ ಮೊದಲೇ ಕೆಂಚನು ಪ್ರಾಣಬಿಟ್ಟನು. ನಾನು ಅಜ್ಜನವರ ಕಾಲ ಮೇಲೆ ಬಿದ್ದು ನಡೆದುದನ್ನು ಹೇಳಿದೆನು. ಅವರು ಹೊಡೆಯಲಿಲ್ಲ, ಬಯ್ಯಲೂ ಇಲ್ಲ. "ತಮ್ಮಾ, ನೀ ಪ್ರೀತಿಲೆ ಕೊಟ್ಟಿ, ಖರೆ. ಆದರ ಕೇಳಿ ಕೊಡಲಿಲ್ಲ" ಎಂದಷ್ಟೇ ಅಂದರು. ಅಂದಿನಿಂದ ಇಂದಿನವರೆಗೆ ಆ ಮಾತಿಗಿಂತ ದೊಡ್ಡ ಪಾಠವನ್ನು ನಾನು ಯಾವ ಪಾಠಶಾಲೆಯಲ್ಲಿಯೂ ಕಲಿತಿಲ್ಲ, ಕಲಿಸಿಯೂ ಇಲ್ಲ.

ನನ್ನ ಮನಸ್ಸಿನಲ್ಲಿ ಆಗ ಇದ್ದುದು ದಯೆಯೇ, ಸಂದೇಹವಿಲ್ಲ. ಆ ದಯೆಯೇ ಒಂದು ಜೀವವನ್ನು ಕೊಂದಿತು. ಬಸವಣ್ಣನವರು ದಯೆಯನ್ನು ಧರ್ಮಕ್ಕೆ ಬೇರೆಂದು ಬಗೆದರೆಂಬುದನ್ನು ನಾವೆಲ್ಲರೂ ಬಾಯಿಪಾಠವಾಗಿ ಬಲ್ಲೆವು. ಆದರೆ ಬೇರಿನಿಂದಲೇ ಮರವು ಪೂರ್ತಿಯಾಗದು. ಕಾಂಡವೂ ಕೊಂಬೆಯೂ ಬೇಕು. ಶರಣರು ಅರಿವು, ಆಚಾರ ಎಂಬ ಎರಡನ್ನು ಎಲ್ಲಿಯೂ ಬೇರ್ಪಡಿಸದೆ ಹೇಳಿದುದರ ಮರ್ಮವು ಇದೇ ಎಂದು ನನಗೆ ತೋರುತ್ತದೆ. ದಯೆಯು ಹುಟ್ಟುವುದು ಹೃದಯದಲ್ಲಿ. ಅದು ಎದುರಿನ ಜೀವಕ್ಕೆ ತಲುಪಬೇಕಾದರೆ ಆ ಜೀವದ ಹಿತವೇನೆಂಬ ಅರಿವಿನ ಮೂಲಕ ಹಾದುಬರಬೇಕು. ದಿನದಿನದ ಆಚಾರದಲ್ಲಿ ನಿಲ್ಲಬೇಕು. ಇಲ್ಲವಾದರೆ ನಾವು ಮಾಡಿದ ದಯೆಯಿಂದ ತಣಿಯುವುದು ನಮ್ಮ ಮನಸ್ಸೇ ಹೊರತು ಎದುರಿನ ಪ್ರಾಣಿಯಲ್ಲ.

ನನ್ನ ಬಾಲ್ಯದ ತಪ್ಪನ್ನು ದೊಡ್ಡ ದೊಡ್ಡ ಅರಸರೂ ಮಾಡಿದ್ದಾರೆ. 13ನೆಯ ಶತಮಾನದ ಕೊನೆಯಲ್ಲಿ ಪಾಂಡ್ಯರ ನಾಡಿಗೆ ಬಂದ ವೆನಿಸ್ಸಿನ ಮಾರ್ಕೊ ಪೋಲೊ ಎಂಬ ಯಾತ್ರಿಕನು ಅಲ್ಲಿಯ ಅರಸರು ವರ್ಷವರ್ಷವೂ ಅರಬ್ ದೇಶಗಳ ಕಡೆಯಿಂದ ಹಡಗುಗಳಲ್ಲಿ ಸಾವಿರಾರು ಕುದುರೆಗಳನ್ನು ಅಪಾರ ಹೊನ್ನು ಕೊಟ್ಟು ತರಿಸಿಕೊಳ್ಳುತ್ತಿದ್ದರೆಂದೂ, ವರ್ಷ ತುಂಬುವುದರೊಳಗೆ ಅವುಗಳಲ್ಲಿ ಅತ್ಯಲ್ಪ ಸಂಖ್ಯೆಯವು ಮಾತ್ರ ಬದುಕಿರುತ್ತಿದ್ದವೆಂದೂ ಬರೆದಿದ್ದಾನೆ. ಕಾರಣವನ್ನೂ ಅವನೇ ಹೇಳುತ್ತಾನೆ: ಕುದುರೆಯನ್ನು ನೋಡಿಕೊಳ್ಳುವ ವಿದ್ಯೆಯನ್ನು ಬಲ್ಲವರು ಅಲ್ಲಿರಲಿಲ್ಲ, ಅದಕ್ಕೆ ಸಲ್ಲದ ಬೇಯಿಸಿದ ಆಹಾರವನ್ನು ತಿನ್ನಿಸುತ್ತಿದ್ದರು. ಹೊನ್ನಿನ ಕೊರತೆಯಿರಲಿಲ್ಲ, ಆದರದ ಕೊರತೆಯೂ ಇದ್ದಿರಲಾರದು. ಇಲ್ಲದುದು ಅರಿವೊಂದೇ.

ನಮ್ಮ ಹಿರಿಯರು ಇದನ್ನು ಮನಗಂಡಿದ್ದರು. ಕನ್ನಡದಲ್ಲಿ ಪಶುವೈದ್ಯದ ಪರಂಪರೆಯು ಹಳೆಯದು. ಬಸವಣ್ಣನವರಿಗೆ ತುಸು ಮೊದಲೇ ಚಾಲುಕ್ಯ ವಂಶದ ಕೀರ್ತಿವರ್ಮನು ಗೋವೈದ್ಯವೆಂಬ ಗ್ರಂಥವನ್ನು ಬರೆದನು. ಅದೇ ಮನೆತನದ ಮೂರನೆಯ ಸೋಮೇಶ್ವರನು 1129ರ ಸುಮಾರಿಗೆ ರಚಿಸಿದ ಮಾನಸೋಲ್ಲಾಸದಲ್ಲಿ ಕುದುರೆಗಳ ವಿಷಯವು ಬಂದಿದೆ. 1400ರ ಸುಮಾರಿನಲ್ಲಿ ಅಭಿನವಚಂದ್ರನು ಕನ್ನಡದಲ್ಲಿಯೇ ಅಶ್ವಶಾಸ್ತ್ರವನ್ನು ಬರೆದನು. ವೀರಶೈವ ಅರಸನಾದ ಕೆಳದಿಯ ಬಸವಪ್ಪ ನಾಯಕನು 1709ರಲ್ಲಿ ಮುಗಿಸಿದ ಶಿವತತ್ತ್ವರತ್ನಾಕರವು ಶಿವತತ್ತ್ವದೊಡನೆಯೇ ಅಶ್ವಲಕ್ಷಣವೇ ಮೊದಲಾದ ಲೌಕಿಕ ವಿದ್ಯೆಗಳನ್ನೂ ಒಳಗೊಂಡಿದೆ. ಪ್ರಾಣಿಯ ಮೈಯನ್ನು ಅರಿಯುವುದು ಪರಮಾರ್ಥಕ್ಕೆ ಹೊರತಾದುದೆಂದು ಆ ಅರಸನು ಭಾವಿಸಲಿಲ್ಲ. ನಾವು ಏತಕ್ಕೆ ಹಾಗೆ ಭಾವಿಸಬೇಕು?

ಹಾಗಾದರೆ ಕುದುರೆಯ ವಿಷಯದಲ್ಲಿ ಅರಿಯಬೇಕಾದುದೇನು? ಮೊದಲನೆಯದು ಅದರ ಹೊಟ್ಟೆ. ಎತ್ತಿನಂತೆ ಅದು ಮೆಲುಕು ಹಾಕುವ ಪ್ರಾಣಿಯಲ್ಲ. ಅಷ್ಟು ದೊಡ್ಡ ಮೈಗೆ ಅದರ ಜಠರವು ಬಹಳ ಚಿಕ್ಕದು. ನಾರುಳ್ಳ ಮೇವು ಪಕ್ವವಾಗುವುದು ಹಿಂದಿನ ದೊಡ್ಡ ಕರುಳಿನಲ್ಲಿ. ಬಯಲಿನಲ್ಲಿ ಬಿಟ್ಟರೆ ಅದು ಹಗಲಿರುಳೆನ್ನದೆ ಬಹಳ ಹೊತ್ತು ಸ್ವಲ್ಪಸ್ವಲ್ಪವಾಗಿ ಮೇಯುತ್ತಲೇ ಇರುವುದು. ತಿಂದುದು ಹೆಚ್ಚಾದರೆ ಮನುಷ್ಯನು ವಾಂತಿಮಾಡಿ ಬದುಕಿಕೊಳ್ಳುವನು. ಕುದುರೆಗೆ ಆ ದಾರಿಯಿಲ್ಲ, ಅದು ವಾಂತಿಮಾಡಲಾರದು. ಒಮ್ಮೆಗೇ ಸುರಿದ ಕಾಳು ಒಳಗೆ ಹುಳಿತು, ಉಬ್ಬಿ, ಶೂಲೆಯಾಗುವುದು. ಬದುಕಿಕೊಂಡರೂ ಕಾಲಿನ ಗೊರಸಿನೊಳಗೆ ಉರಿಯೆದ್ದು ಕುಂಟಾಗಬಹುದು. ಆದುದರಿಂದ ಮೇವು ಮೊದಲು, ಕಾಳು ಆಮೇಲೆ. ಕಾಳು ದಿನಕ್ಕೆ ಎರಡು ಮೂರು ಸಲ ಸ್ವಲ್ಪಸ್ವಲ್ಪವಾಗಿ. ಹುರುಳಿಯಾದರೆ ನೆನೆಸಿ ಅಥವಾ ಬೇಯಿಸಿ. ಮೇವು ಬದಲಿಸುವುದಾದರೆ ಒಮ್ಮೆಲೇ ಅಲ್ಲ, ಹಲವು ದಿನಗಳಲ್ಲಿ. ಈ ನಾಲ್ಕು ಮಾತು ನನಗೆ ಹನ್ನೊಂದನೆಯ ವಯಸ್ಸಿನಲ್ಲಿ ಗೊತ್ತಿದ್ದರೆ ಕೆಂಚನು ಆ ರಾತ್ರಿ ಸಾಯುತ್ತಿರಲಿಲ್ಲ.

ಎರಡನೆಯದು ಋತುವಿನ ಅರಿವು. ನಮ್ಮ ಸೀಮೆಯ ಬೇಸಗೆಯನ್ನು ವರ್ಣಿಸಬೇಕಾದುದಿಲ್ಲ. ಏಪ್ರಿಲ್, ಮೇ ತಿಂಗಳುಗಳಲ್ಲಿ ಬಿಸಿಲು 40 ಡಿಗ್ರಿ ಸೆಲ್ಸಿಯಸ್ ಮುಟ್ಟುವುದು, ಕೆಲವು ದಿನ ಮೀರುವುದು. ಕುದುರೆಯು ಮನುಷ್ಯನಂತೆ ಮೈಯೆಲ್ಲ ಬೆವರಿ ತಣ್ಣಗಾಗುವ ಪ್ರಾಣಿ. ಆ ಬೆವರಿನೊಡನೆ ನೀರಷ್ಟೇ ಅಲ್ಲ, ಉಪ್ಪೂ ಬಹಳವಾಗಿ ಹೊರಟುಹೋಗುವುದು. ಸುಮ್ಮನೆ ನಿಂತ ಕುದುರೆಗೇ ದಿನಕ್ಕೆ 25ರಿಂದ 45 ಲೀಟರು ನೀರು ಬೇಕು. ಬಿಸಿಲಿನಲ್ಲಿ ದುಡಿದರೆ ಅದರ ಇಮ್ಮಡಿಯೂ ಸಾಲದಾಗಬಹುದು. ನೆಕ್ಕಲು ಉಪ್ಪಿನ ಗಡ್ಡೆಯಿರಬೇಕು. ಬೆವರಿದ ಕುದುರೆಗೆ ನೀರು ತೋರಿಸಬಾರದೆಂಬ ಹಳೆಯ ನಂಬಿಕೆಯನ್ನು ಈಗಿನ ಪಶುವೈದ್ಯರು ಒಪ್ಪುವುದಿಲ್ಲ. ಕೊಂಚಕೊಂಚವಾಗಿ ಮತ್ತೆಮತ್ತೆ ಕುಡಿಸಬೇಕು, ನೆರಳಿನಲ್ಲಿ ನಿಲ್ಲಿಸಿ ಮೈಮೇಲೆ ತಣ್ಣೀರು ಸುರಿಯುತ್ತಿರಬೇಕು ಎನ್ನುತ್ತಾರೆ. ನಂಬಿಕೆಯು ಹಿರಿಯರದಾದರೂ ಪ್ರಾಣಿಗೆ ಅಹಿತವೆಂದು ತಿಳಿದಮೇಲೆ ಬಿಡುವುದೇ ಹಿರಿಯರಿಗೆ ಸಲ್ಲಿಸುವ ಗೌರವ.

ಮಳೆಗಾಲದ ಕಷ್ಟವು ಬೇರೆ ಬಗೆಯದು. ನಮ್ಮ ಎರೆಯ ನೆಲ ಒಮ್ಮೆ ನೆನೆದರೆ ಕಾಲು ಹಿಡಿದು ಬಿಡದು. ಕೆಸರಿನಲ್ಲಿಯೇ ನಿಂತ ಕುದುರೆಯ ಗೊರಸಿನ ಅಡಿಯು ಕೊಳೆತು ನಾರುವುದು. ದಿನವೂ ಗೊರಸನ್ನೆತ್ತಿ ಕೆಸರು ಕೆದಕಿ ಒಣಗಿಸಬೇಕು. ನಿಲ್ಲುವ ನೆಲವು ಎತ್ತರವಾಗಿಯೂ ಒಣಗಿಯೂ ಇರಬೇಕು. ಲಾಳವನ್ನು ಆರೆಂಟು ವಾರಗಳಿಗೊಮ್ಮೆ ಬಿಚ್ಚಿ, ಬೆಳೆದ ಗೊರಸನ್ನು ಕೆತ್ತಿ, ಮತ್ತೆ ಹೊಡೆಯಿಸಬೇಕು. ನೆನೆದು ಬೂಸರು ಹಿಡಿದ ಕಣಿಕೆಯನ್ನು ಎತ್ತಿನ ಮುಂದೆ ಹಾಕುವುದೇ ತಪ್ಪು. ಕುದುರೆಯ ಮುಂದೆ ಹಾಕಿದರೆ ಹೊಟ್ಟೆಶೂಲೆಯನ್ನು ಕೈಯಾರೆ ಕರೆದಂತೆ. ರಕ್ತ ಹೀರುವ ದೊಡ್ಡ ನೊಣಗಳಿಂದ ಹರಡುವ ಸರ್ರಾ ಎಂಬ ರೋಗವು ಮಳೆಗಾಲದಲ್ಲಿಯೂ ಅದರ ಹಿಂದೆಯೂ ಹೆಚ್ಚು. ಬಿಟ್ಟುಬಿಟ್ಟು ಬರುವ ಜ್ವರ, ತಿಂದರೂ ಸೊರಗುವ ಮೈ, ಬಾತ ಕಾಲು ಕಂಡುಬಂದರೆ ತಡಮಾಡದೆ ರಕ್ತಪರೀಕ್ಷೆ ಮಾಡಿಸಬೇಕು. ಮೊಳೆ ಚುಚ್ಚಿದ ಚಿಕ್ಕ ಗಾಯದಿಂದಲೂ ಕುದುರೆಗೆ ಧನುರ್ವಾಯು ಬರುವುದು ಬೇರೆ ಪ್ರಾಣಿಗಳಿಗಿಂತ ಸುಲಭ. ಅದಕ್ಕೆ ಲಸಿಕೆಯುಂಟು, ಹಾಕಿಸದಿರುವುದಕ್ಕೆ ನೆಪವಿಲ್ಲ.

ಚಳಿಗಾಲವು ಕುದುರೆಗೆ ಹಿತವೆಂದು ನಾವು ಮೈಮರೆಯುವ ಕಾಲ. ತಣ್ಣಗಿನ ನೀರನ್ನು ಅದು ಕಡಮೆ ಕುಡಿಯುವುದು. ಒಣಮೇವು ಕರುಳಿನಲ್ಲಿ ಗಟ್ಟಿಕಟ್ಟುವುದು. ಎಳ್ಳಮಾವಾಸ್ಯೆಯಿಂದ ಸಂಕ್ರಾಂತಿಯವರೆಗಿನ ರಾತ್ರಿಗಳಲ್ಲಿ ನೀರನ್ನು ತುಸು ಬೆಚ್ಚಗೆ ಮಾಡಿ ಕೊಡುವುದು, ಗಾಳಿಗೆ ಮರೆಯಿರುವಲ್ಲಿ ಕಟ್ಟುವುದು, ಮುದಿಯದಾದರೆ ಬೆನ್ನಿಗೆ ಕಂಬಳಿ ಹೊದೆಯಿಸುವುದು, ಇವು ದೊಡ್ಡ ಕೆಲಸಗಳಲ್ಲ. ನೆನಪಿಡುವುದೇ ದೊಡ್ಡ ಕೆಲಸ.

ಇಷ್ಟನ್ನು ಕೇಳಿದಮೇಲೆ ಒಬ್ಬ ಚತುರನು ಹೀಗೆ ಆಕ್ಷೇಪಿಸಬಹುದು: "ಇದರಲ್ಲಿ ಧರ್ಮವೆಲ್ಲಿ ಬಂದಿತು? ಕುದುರೆಯು ಚೆನ್ನಾಗಿದ್ದರೆ ದುಡಿಮೆ ಚೆನ್ನಾಗಿರುವುದು. ಚಕ್ರಕ್ಕೆ ಎಣ್ಣೆ ಹಾಕಿದಂತೆ ಕುದುರೆಗೆ ಮೇವು ಹಾಕುವರು. ಇದು ವ್ಯವಹಾರ." ಈ ಆಕ್ಷೇಪವನ್ನು ತಳ್ಳಿಹಾಕಲಾಗದು. ಮಾಡುವ ಕೆಲಸವು ಒಂದೇ ಆದಾಗ ಲಾಭದ ಎಣಿಕೆಯನ್ನೂ ದಯೆಯನ್ನೂ ಹೊರಗಿನಿಂದ ಗುರುತಿಸುವುದು ಕಷ್ಟ. ಆದರೆ ಎರಡೂ ಒಂದೇ ದಾರಿಯಲ್ಲಿ ಕೊನೆಯವರೆಗೆ ಹೋಗುವುದಿಲ್ಲ. ದುಡಿಮೆಯಿರುವ ಋತುವಿನಲ್ಲಿ ಅವು ಜೊತೆಯಾಗಿ ನಡೆಯುವವು. ದುಡಿಮೆಯಿಲ್ಲದ ಋತುವಿನಲ್ಲಿ ಅಗಲುವವು. ಪ್ರವಾಸಿಗಳು ಬಾರದ ದಿನಗಳಲ್ಲಿ, ಕುದುರೆ ಕುಂಟಿದಾಗ, ಹಲ್ಲು ಸವೆದು ಮುದಿಯಾದಾಗ, ಆಗ ಯಾವುದು ನಿಂತಿತು, ಯಾವುದು ಹೊರಟುಹೋಯಿತು ಎಂಬುದು ತಿಳಿಯುವುದು. ಬೇಸಗೆ, ಮಳೆ, ಚಳಿ ಎಂಬ ಮೂರು ಕಾಲಗಳು ಎಲ್ಲರಿಗೂ ಗೊತ್ತು. ಮುಪ್ಪು ಎಂಬ ನಾಲ್ಕನೆಯ ಕಾಲವನ್ನು ಕುದುರೆ ಯಾರ ನೆರಳಿನಲ್ಲಿ ಕಳೆಯುವುದು? ನಮ್ಮ ದಯೆಯ ಪರೀಕ್ಷೆ ನಡೆಯುವುದು ಅಲ್ಲಿಯೇ.

ಇದಕ್ಕೆ ನಿದರ್ಶನವು ನಮ್ಮಲ್ಲಿಯೇ ಇದೆ. ಬಸವಣ್ಣನವರ ಮನೆಯ ಹಸುಗಳನ್ನು ಕಳ್ಳರು ಹೊಡೆದುಕೊಂಡು ಹೋದಾಗ, ಉಳಿದ ಕರುಗಳು ತಾಯಿಯಿಲ್ಲದೆ ಅರಚುವುದನ್ನು ಕೇಳಲಾರದೆ ಆ ಕರುಗಳನ್ನೂ ಕಳ್ಳರಿದ್ದಲ್ಲಿಗೆ ಕಳುಹಿಸಿದರೆಂಬ ಕಥೆಯನ್ನು ನಾವು ಕೇಳುತ್ತ ಬೆಳೆದಿದ್ದೇವೆ. ಇದನ್ನು ಔದಾರ್ಯದ ಕಥೆಯೆಂದು ಹೇಳುವುದುಂಟು. ನಾನು ಅದನ್ನು ಬೇರೊಂದು ರೀತಿಯಲ್ಲಿ ನೋಡುತ್ತೇನೆ. ಹಸುಗಳು ಇನ್ನು ತಮ್ಮವಲ್ಲ. ಅವುಗಳ ಹಾಲು ತಮಗೆ ಬರುವಂತಿಲ್ಲ. ಆದರೂ ಅವುಗಳ ಹಿತದ ಚಿಂತೆ ತಮ್ಮನ್ನು ಬಿಡಲಿಲ್ಲ. ಒಡೆತನವು ಮುಗಿದಮೇಲೂ ಹೊಣೆಯು ಮುಗಿಯಲಿಲ್ಲ ಎಂಬುದೇ ಆ ಕಥೆಯ ತಿರುಳು. ದನ ಕಾಯುವುದನ್ನೇ ಕಾಯಕವಾಗಿ ಕೈಕೊಂಡ ತುರುಗಾಹಿ ರಾಮಣ್ಣನನ್ನೂ, ನಮ್ಮ ಸಿಂದಗಿ ಸೀಮೆಯ ಗೋಲಗೇರಿಯಲ್ಲಿ ಪೂಜೆಗೊಳ್ಳುವ ಕುರಿಗಾಹಿ ಗೊಲ್ಲಾಳನನ್ನೂ ಶರಣರೆಂದು ಮನ್ನಿಸಿದ ಪರಂಪರೆಯು ನಮ್ಮದು. ಪ್ರಾಣಿಯನ್ನು ಕಾಯುವ ಕೈಗೆ ಲಿಂಗವನ್ನು ಹಿಡಿಯುವ ಯೋಗ್ಯತೆಯುಂಟೆಂದು ಒಪ್ಪಿದವರು, ಕಾಯಲ್ಪಡುವ ಪ್ರಾಣಿಯನ್ನು ಬರಿಯ ಸಾಧನವೆಂದು ಹೇಗೆ ಕಾಣಬಲ್ಲರು? ಕುದುರೆಯು ನಮ್ಮ ಹೊರೆಯನ್ನು ಹೊತ್ತಿತು. ಅದು ತಿಳಿದು ಮಾಡಿದ ಕಾಯಕವಲ್ಲದಿರಬಹುದು. ಆದರೆ ಅದರ ಫಲವನ್ನು ಉಂಡವರು ತಿಳಿದವರಾದ ನಾವೇ. ಋಣವು ಹುಟ್ಟುವುದು ಕೊಟ್ಟವನ ತಿಳಿವಿನಿಂದಲ್ಲ, ಪಡೆದವನ ತಿಳಿವಿನಿಂದ.

ಇದಕ್ಕಿಂತಲೂ ಬಲವಾದ ಇನ್ನೊಂದು ಆಕ್ಷೇಪವಿದೆ. ಅದನ್ನು ನಾನು ಓರ್ವ ಟಾಂಗಾ ಹೊಡೆಯುವವರ ಬಾಯಿಂದಲೇ ಕೇಳಿದ್ದೇನೆ: "ಸರ, ಮಕ್ಕಳ ಹೊಟ್ಟಿಗೇ ಸಾಲೂದಿಲ್ಲ. ದುಡೀಲಾರದ ಕುದುರಿಗೆ ಎಲ್ಲಿಂದ ತರಲಿ?" ಈ ಮಾತಿಗೆ ಉಪದೇಶದಿಂದ ಉತ್ತರ ಕೊಡುವವನು ನಿರ್ದಯನು. ಹಸಿದ ಮನೆಯವನ ಮುಂದೆ ದಯೆಯ ವ್ಯಾಖ್ಯಾನ ಮಾಡುವುದು ನಮ್ಮಂತಹ ಸಂಬಳದ ಮೇಷ್ಟರುಗಳಿಗೆ ಶೋಭಿಸದು. ಆದರೆ ಅವರ ಮಾತಿನಲ್ಲಿಯೇ ಉತ್ತರದ ಸುಳಿವಿದೆ. ಆ ಕುದುರೆಯ ದುಡಿಮೆಯ ಫಲವನ್ನು ಅವರೊಬ್ಬರೇ ಉಣ್ಣಲಿಲ್ಲ. ವರ್ಷಾನುಗಟ್ಟಲೆ ಅದು ಎಳೆದ ಬಂಡಿಯಲ್ಲಿ ಕುಳಿತವರು ನಾವು. ಸಂತೆಗೆ ಹೋದವರು, ಆಸ್ಪತ್ರೆಗೆ ಹೋದವರು, ಗುಮ್ಮಟ ನೋಡಲು ದೂರದಿಂದ ಬಂದವರು. ಕೊಟ್ಟ ಬಾಡಿಗೆಗೆ ಎಲ್ಲವೂ ತೀರಿತೆಂದು ನಾವು ಇಳಿದು ಹೋದೆವು. ನಾಲ್ವರ ಬದಲು ಆರು ಜನ ಹತ್ತಿ, ನಾಲ್ಕಾಣೆ ಉಳಿಸಿಕೊಂಡು ಸಂತೋಷಪಟ್ಟವರೂ ನಾವೇ.

1960ರಲ್ಲಿ ನಮ್ಮ ದೇಶದಲ್ಲಿ ಪ್ರಾಣಿಗಳಿಗೆ ಕ್ರೌರ್ಯವಾಗದಂತೆ ತಡೆಯುವ ಕಾಯಿದೆ ಬಂದಿತು. ಅದರ ಅಡಿಯಲ್ಲಿ 1965ರಲ್ಲಿ ಎಳೆಯುವ ಮತ್ತು ಹೊರುವ ಪ್ರಾಣಿಗಳಿಗಾಗಿ ಮಾಡಿದ ನಿಯಮಗಳನ್ನು ಓದಿದರೆ ಆಶ್ಚರ್ಯವಾಗುವುದು. ಬಂಡಿಯಲ್ಲಿ, ಹೊಡೆಯುವವನನ್ನೂ ಆರು ವರ್ಷದೊಳಗಿನ ಮಕ್ಕಳನ್ನೂ ಬಿಟ್ಟು, ನಾಲ್ವರಿಗಿಂತ ಹೆಚ್ಚು ಜನ ಕೂರಬಾರದು. ತಟ್ಟಿನ ಬೆನ್ನಮೇಲೆ 70 ಕಿಲೋಗ್ರಾಮಿಗಿಂತ ಹೆಚ್ಚು ಹೇರಬಾರದು. ದಿನಕ್ಕೆ ಒಟ್ಟು 9 ಗಂಟೆಗಳಿಗಿಂತ ಹೆಚ್ಚಾಗಿ, ಬಿಡುವು ಕೊಡದೆ 5 ಗಂಟೆಗಳಿಗಿಂತ ಹೆಚ್ಚಾಗಿ ದುಡಿಸಬಾರದು. ಉಷ್ಣತೆಯು 37 ಡಿಗ್ರಿ ಮೀರುವ ಸ್ಥಳದಲ್ಲಿ ಮಧ್ಯಾಹ್ನ 12ರಿಂದ 3 ಗಂಟೆಯವರೆಗೆ ಹೂಡಲೇ ಬಾರದು. ಹಸಿವು ನೀರಡಿಕೆಗಳಿಂದ ನರಳುವಂತೆ ಪ್ರಾಣಿಯನ್ನು ಕಾರಣವಿಲ್ಲದೆ ತೊರೆಯುವುದು ಮೂಲ ಕಾಯಿದೆಯ ಪ್ರಕಾರವೇ ಅಪರಾಧ. ಕಾನೂನು ಇಷ್ಟನ್ನು ಹೇಳಿ ಐವತ್ತು ವರ್ಷಗಳು ಮಿಕ್ಕಿವೆ. ನಮ್ಮ ಬೇಸಗೆಯಲ್ಲಿ ಮಧ್ಯಾಹ್ನ 37 ಡಿಗ್ರಿ ಮೀರದ ದಿನಗಳನ್ನು ಬೆರಳೆಣಿಸಬೇಕು. ಈ ನಿಯಮವನ್ನು ಹೊಡೆಯುವವನೊಬ್ಬನೇ ಪಾಲಿಸಿದರೆ ಅವನ ಬಾಡಿಗೆ ಹೋಗುವುದು. ಹತ್ತುವವರೂ "ಮೂರು ಗಂಟೆಯ ನಂತರ ಹೋಗೋಣ, ನಾಲ್ವರೇ ಕೂರೋಣ" ಎಂದು ಹೇಳಿದರೆ ಮಾತ್ರ ಅದು ನಡೆಯುವುದು. ಕಾನೂನು ಹೊಡೆಯುವವನನ್ನು ಹಿಡಿಯಬಲ್ಲುದು. ಹತ್ತುವವನನ್ನು ಹಿಡಿಯಬಲ್ಲುದು ಅವನ ಮನಸ್ಸೊಂದೇ.

ಕೆಲವು ವರ್ಷಗಳ ಹಿಂದೆ ಶ್ರಾವಣ ಮಾಸದ ಒಂದು ಮುಂಜಾನೆ ಊರ ಹೊರಗಿನ ದಾರಿಯಲ್ಲಿ ಒಂದು ಮುದಿ ಕುದುರೆಯು ಮಳೆಯಲ್ಲಿ ನೆನೆಯುತ್ತ ನಿಂತಿತ್ತು. ಸೊಂಟದ ಮೂಳೆಗಳು ಎದ್ದು ಕಾಣುತ್ತಿದ್ದವು. ಹೆಗಲಮೇಲೆ ಬಂಡಿಯ ಪಟ್ಟಿ ಉಜ್ಜಿದ ಹಳೆಯ ಗಾಯದ ಕಲೆಯಿತ್ತು. ಯಾರು ಬಿಟ್ಟುಹೋದರೋ ತಿಳಿಯಲಿಲ್ಲ. ವಿಚಾರಿಸಲೂ ನನಗೆ ಮನಸ್ಸಾಗಲಿಲ್ಲ. ಓದುವ ಕಾಲದಲ್ಲಿ ವಿಜಾಪುರದಲ್ಲಿ ನಾನು ಎಷ್ಟೋ ಸಲ ಟಾಂಗಾ ಹತ್ತಿದ್ದೆನು. ಹತ್ತಿ ಇಳಿದು ಮರೆತ ನೂರಾರು ಜನರಲ್ಲಿ ನಾನೂ ಒಬ್ಬನು. ಪಾಠಶಾಲೆಯ ಹುಡುಗರು ಆಗಲೇ ಅದರ ಸುತ್ತ ನೆರೆದಿದ್ದರು. ಒಬ್ಬನು ಪ್ರಸಾದನಿಲಯದಿಂದ ಹಿಂದಿನ ರಾತ್ರಿಯ ರೊಟ್ಟಿಗಳನ್ನು ಮಡಿಲ ತುಂಬ ತಂದಿದ್ದನು. ಅವನ ಮುಖದಲ್ಲಿದ್ದ ಕನಿಕರವನ್ನು ಕಂಡು ನನ್ನ ಎದೆ ಧಸಕ್ಕೆಂದಿತು. ಅದು ನಾಲ್ವತ್ತು ವರ್ಷ ಹಿಂದಿನ ನನ್ನದೇ ಮುಖ. "ನಿಲ್ಲು, ಮೊದಲು ಕೇಳೋಣ" ಎಂದೆನು.

ಪಶುವೈದ್ಯರು ಬಂದು ಬಾಯಿ ಬಿಡಿಸಿ ನೋಡಿ, ದವಡೆ ಹಲ್ಲುಗಳು ಸವೆದಿವೆ, ಒಣ ಕಣಿಕೆಯನ್ನು ಇದು ಅಗಿಯಲಾರದು, ಬಹಳ ದಿನ ಹಸಿದಿದೆ, ಆದುದರಿಂದಲೇ ಒಮ್ಮೆಗೆ ಹೆಚ್ಚು ಕೊಡಬೇಡಿರಿ ಎಂದರು. ಮೊದಲು ನೀರು, ಆಮೇಲೆ ಹಿಡಿಹಿಡಿಯಾಗಿ ಎಳೆಯ ಹಸಿ ಹುಲ್ಲು, ಕೆಲವು ದಿನ ಕಳೆದಮೇಲೆ ನೆನೆಸಿದ ಗೋದಿಯ ಭೂಸವನ್ನು ತೆಳ್ಳಗೆ ಕಲಸಿ ದಿನಕ್ಕೆ ನಾಲ್ಕು ಸಲ. ಒಬ್ಬ ಒಕ್ಕಲಿಗರು ತಮ್ಮ ದನದ ಕೊಟ್ಟಿಗೆಯ ಒಂದು ಮೂಲೆಯನ್ನು ಬಿಟ್ಟುಕೊಟ್ಟರು. ಹುಡುಗರು ಸರದಿಯಂತೆ ಹುಲ್ಲು ಕೊಯ್ದು ತಂದರು. ಅದು ದಷ್ಟಪುಷ್ಟವಾಯಿತೆಂದು ನಾನು ಬರೆದರೆ ಸುಳ್ಳಾಗುವುದು. ಮೈ ತುಸು ತುಂಬಿತು, ಕೂದಲಿಗೆ ಹೊಳಪು ಬಂದಿತು. ದೀಪಾವಳಿಯನ್ನು ಕಂಡು, ಸಂಕ್ರಾಂತಿಗೆ ಕೆಲವು ದಿನ ಮುಂಚೆ ಒಣ ಹುಲ್ಲಿನ ಮೇಲೆ ಮಲಗಿದ್ದಲ್ಲಿಯೇ ಸತ್ತಿತು. ಸುಮಾರು ಐದು ತಿಂಗಳು. ಆ ಐದು ತಿಂಗಳಿಂದ ಯಾರಿಗೂ ಒಂದು ಕಾಸಿನ ಲಾಭವಾಗಲಿಲ್ಲ. ಹುಡುಗರು ಅತ್ತರು. ಒಬ್ಬನು ಬಂದು, "ಗುರುಗಳೇ, ಕಡೆಗೂ ಸತ್ತೇ ಹೋಯಿತಲ್ಲ, ನಾವು ಮಾಡಿದುದೆಲ್ಲ ವ್ಯರ್ಥವೇ?" ಎಂದು ಕೇಳಿದನು. ಸಾಯದಂತೆ ಕಾಯುವ ಶಕ್ತಿಯು ನಮಗಿಲ್ಲ, ನರಳದಂತೆ ಕಾಯುವಷ್ಟು ಇದ್ದಿತು, ಅಷ್ಟನ್ನು ಮಾಡಿದೆವು ಎಂದು ಹೇಳಿದೆನು. ಬೇರೆ ಉತ್ತರವು ನನಗೆ ತೋಚಲಿಲ್ಲ, ಇಂದಿಗೂ ತೋಚಿಲ್ಲ.

ದಾಸೋಹವೆಂದರೆ ಅನ್ನದ ಪಂಕ್ತಿಯೆಂದಷ್ಟೇ ನಾವು ತಿಳಿದಿರುತ್ತೇವೆ. ಎಲ್ಲರ ದುಡಿಮೆಯಿಂದ ಬಂದುದನ್ನು ಎಲ್ಲರ ಹಿತಕ್ಕೆ ಸಲ್ಲಿಸುವುದೇ ಅದರ ಅರ್ಥವಾದರೆ, ಆ ದುಡಿಮೆಯಲ್ಲಿ ಪಾಲುಗೊಂಡ ಮೂಕಜೀವಗಳು ಪಂಕ್ತಿಯ ಹೊರಗೆ ಹೇಗೆ ಉಳಿದಾವು? ಒಬ್ಬ ಬಡವನು ಹೊರಲಾರದ ಹೊಣೆಯನ್ನು ಊರು ಹೊರಬಲ್ಲುದು. ನಮ್ಮ ಹಳ್ಳಿಗಳ ಹಳೆಯ ಬಾವಿಗಳ ಪಕ್ಕದಲ್ಲಿ ದನಕರುಗಳಿಗೆಂದು ಕಲ್ಲಿನ ದೋಣಿಗಳಿದ್ದವು. ನೀರು ಸೇದಿದವರು ತಮ್ಮ ಕೊಡ ತುಂಬಿಕೊಂಡು, ಒಂದು ಕೊಡ ದೋಣಿಗೆ ಸುರಿದು ಹೋಗುತ್ತಿದ್ದರು. ಯಾರ ಎತ್ತು, ಯಾರ ಕುದುರೆ, ಯಾವ ಊರ ಕುರುಬನ ತಟ್ಟು ಬಂದು ಕುಡಿಯುವುದೋ ಎಂಬ ವಿಚಾರಣೆಯಿರಲಿಲ್ಲ. ನಳ ಬಂದಮೇಲೆ ಬಾವಿಗೆ ಹೋಗುವವರಿಲ್ಲ. ಎಷ್ಟೋ ದೋಣಿಗಳಲ್ಲಿ ಈಗ ಕಸ ತುಂಬಿದೆ.

ನಮ್ಮ ಇಂಗಳೇಶ್ವರದಲ್ಲಿ ಶರಣರ ವಚನಗಳನ್ನು ಕಲ್ಲಿನಲ್ಲಿ ಕೊರೆಯಿಸಿದ ಶಿಲಾಮಂಟಪವಿದೆ. ದೂರದೂರದಿಂದ ಜನರು ಬಂದು ನೋಡಿ ಓದಿ ಹೋಗುತ್ತಾರೆ. ಆ ಕಲ್ಲುಗಳನ್ನು ನೋಡಿ ಮರಳುವಾಗಲೆಲ್ಲ ನನಗೆ ಈ ಇನ್ನೊಂದು ಕಲ್ಲು, ಬಾವಿಕಟ್ಟೆಯ ಬರಿದಾದ ದೋಣಿ, ನೆನಪಾಗುವುದು. ಅದರಲ್ಲಿ ಒಂದಕ್ಷರವೂ ಇಲ್ಲ. ಆದರೂ ಬರುವ ಬೇಸಗೆಗೆ ಮುನ್ನ ನಮ್ಮ ನಮ್ಮ ಓಣಿಯವರು ಕೂಡಿ ಅಂತಹ ಒಂದೊಂದು ದೋಣಿಯ ಕಸ ತೆಗೆದು, ತೊಳೆದು, ದಿನಕ್ಕೊಬ್ಬರಂತೆ ನೀರು ತುಂಬಿದರೆ, ದಾರಿಯಲ್ಲಿ ಹೋಗುವ ಯಾವುದೋ ಒಂದು ಕುದುರೆಯು ಬಂದು ತಲೆಬಾಗಿಸಿ ಕುಡಿದೀತು. ಅದು ನಮ್ಮನ್ನು ಹರಸುವುದೂ ಇಲ್ಲ, ನೆನೆಯುವುದೂ ಇಲ್ಲ. ಕುಡಿದು ತನ್ನ ದಾರಿ ಹಿಡಿಯುವುದು. ಕೇಳದವರ ಋಣವನ್ನು ತೀರಿಸುವ ರೀತಿಯು ಇದೇ ಆಗಿದೆ. ಈ ಬುದ್ಧಿಯು ನಮಗೆ ಋತುವಿಗೊಮ್ಮೆ ಬಂದುಹೋಗದೆ ಎಲ್ಲ ಋತುಗಳಲ್ಲಿಯೂ ನೆಲೆಗೊಳ್ಳಲೆಂದು ಹಾರೈಸಿ ಈ ಲೇಖನವನ್ನು ಮುಗಿಸುತ್ತೇನೆ.